ಹಸಿ ಗೊಬ್ಬರ

ಮೇ 29

ಅಳಿಯಂದಿರಿಗೆ ಆಶೀರ್ವಾದ.

ನೀವು ಮೆಣಸನ್ನು ಕರೆದುಕೊಂಡು ಬಸ್ಸು ಹತ್ತಿದ ಮೇಲೆ ಮನೆ ಬಿಕೋ ಎನ್ನುತ್ತಿದೆ. ಎರಡು ಕೋಣೆಯ ಈ ಮನೆಯಲ್ಲಿ ಏಳು ವರ್ಷದ ಹುಡುಗಿಯೊಬ್ಬಳು ಎಷ್ಟು ಜಾಗ ತುಂಬಿದ್ದಳು ಅನ್ನುವುದು ಅವಳು ಹೋದ ಮೇಲೇ ಗೊತ್ತಾಗುವುದು. ಮೆಣಸು ಎಂಬ ಹೆಸರನ್ನು ಅವಳ ಅಮ್ಮ ಇಟ್ಟಾಗ ನಾನು ಬೈದಿದ್ದೆ, ಕೂಸಿಗೆ ಯಾರಾದರೂ ಹೀಗೆ ಹೆಸರಿಡುತ್ತಾರೆಯೇ ಎಂದು. ಈಗ ನನ್ನ ಬಾಯಲ್ಲೂ ಅದೇ ನಿಂತಿದೆ. ಮಗಳು ಇಟ್ಟುಹೋದ ಹೆಸರು, ಬದಲಿಸಲು ಮನಸ್ಸೂ ಬರುವುದಿಲ್ಲ.

ಫೋನ್ ಮಾಡಬಾರದೇ ಎಂದು ನೀವು ಕೇಳುತ್ತೀರಿ. ನೀವು ಹೇಳುವುದು ಒಂದು, ನನ್ನ ಕಿವಿಗೆ ಬೀಳುವುದು ಇನ್ನೊಂದು. ಕಳೆದ ಸಲ ನೀವು "ಬೇಕರಿಯಲ್ಲಿ ಒಲೆ ಕೆಟ್ಟಿದೆ" ಎಂದದ್ದು ನನಗೆ "ಬೇಕರಿಯಲ್ಲಿ ತಲೆ ಕೆಟ್ಟಿದೆ" ಎಂದು ಕೇಳಿಸಿ, ಯಾರೊಂದಿಗೆ ಜಗಳವಾಯಿತೋ ಎಂದು ವಾರವಿಡೀ ಒದ್ದಾಡಿದೆ. ನಮ್ಮಿಬ್ಬರಿಗೂ ಕಾಗದವೇ ವಾಸಿ.

ರಜೆಯ ಕಥೆಯನ್ನು ಅವಳು ಹೇಳಿಯೇ ಇರುತ್ತಾಳೆ. ಬೆಳಗಾದರೆ ಕಾಲುವೆ ಪಕ್ಕದ ನನ್ನ ಪಾತಿಗಳಿಗೆ ನನಗಿಂತ ಮುಂಚೆ ಓಟ. ಕ್ಯಾರೆಟ್ ಕೀಳುವುದು, ಲಂಗಕ್ಕೆ ಒಂದು ಸಲ ಒರೆಸುವುದು, ನಿಂತಲ್ಲೇ ಕಟಕಟ ಕಡಿಯುವುದು. ನಿಮ್ಮ ಬೇಕರಿಯ ಬನ್ನು ಮುರಿದು ಪಕ್ಕಕ್ಕಿಡುವ ಹುಡುಗಿ ಇವಳೇನಾ ಎಂದು ನಾನು ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದೆ. ಪಾತಿಯವರೆಲ್ಲರ ಗೊಬ್ಬರದ ಗುಡ್ಡೆ ಒಳಗೆ ಬೆಚ್ಚಗಿರುತ್ತದಲ್ಲ, ಅಲ್ಲಿ ಬೀದಿಯ ಕಂದು ನಾಯಿಯೊಂದು ಮರಿ ಹಾಕಿದೆ. ಮಧ್ಯಾಹ್ನವೆಲ್ಲ ಇವಳ ಬಿಡಾರ ಅಲ್ಲೇ. ಮರಿಗಳ ಜೊತೆ ಇವಳೂ ಒಂದು ಮರಿ. ಪಕ್ಕದ ಪಾತಿಯ ಯಜಮಾನರು, ಮೂಲಂಗಿ ಬಿಟ್ಟು ಬೇರೇನೂ ಬೆಳೆಯದವರು, ಮಗುವನ್ನು ಅಲ್ಲಿಂದ ಎಬ್ಬಿಸಿ ಎಂದರು. ಮಣ್ಣಿನಲ್ಲಿ ಆಡಿದ ಮಗು ಗಟ್ಟಿಮುಟ್ಟಾಗುತ್ತದೆ ಬಿಡಿ ಎಂದೆ.

ತರಕಾರಿ ವ್ಯಾನಿನವರ ಕೈಯಲ್ಲಿ ಒಂದು ಚೀಲ ಕಳಿಸಿದ್ದೇನೆ. ಕೊತ್ತಂಬರಿ ಮೇಲಿದೆ, ಬಾಡುವ ಮುಂಚೆ ತೆಗೆದಿಡಿ.

ಇಂತಿ,
ಅವಳ ಅಜ್ಜಿ

ಜೂನ್ 17

ಅತ್ತೆಯವರಿಗೆ ನಮಸ್ಕಾರ.

ಚೀಲ ಬಂತು. ಕ್ಯಾರೆಟ್ ಮನೆಗೆ ಬರುವಷ್ಟರಲ್ಲಿ ಅರ್ಧ ಖಾಲಿ. ಶಾಲೆ ಶುರುವಾಗಿದೆ. ಅವಳಿಗೆ ಸ್ವಲ್ಪ ಕೆಮ್ಮು, ಆಗಾಗ ಮೈ ಬಿಸಿ. ಔಷಧ ಕೊಡಿಸಿದೆ, ಗಾಬರಿ ಬೇಡ.

ಶಾಲೆ ಬಿಟ್ಟ ಮೇಲೆ ಅವಳು ಬೇಕರಿಗೇ ಬರುತ್ತಾಳೆ. ನನ್ನ ಕೆಲಸ ಮುಗಿಯುವವರೆಗೆ ಹಿಂದಿನ ಉದ್ಯಾನದಲ್ಲಿ ಆಡುತ್ತಾಳೆ. ನಾಯಿಮರಿ ಬೇಕೆಂದು ದಿನವೂ ವರಾತ. ನಮ್ಮ ಮನೆಯಲ್ಲಿ ಮರಿಗೆ ಜಾಗವೆಲ್ಲಿ ಎಂದರೆ "ಅಪ್ಪ, ನೀನು ಸ್ವಲ್ಪ ಸರಿದು ಮಲ್ಕೋ" ಎನ್ನುತ್ತಾಳೆ. ಈ ಉತ್ತರ ಯಾರ ಕಡೆಯಿಂದ ಬಂದದ್ದೆಂದು ನಿಮಗೂ ಗೊತ್ತು, ನನಗೂ ಗೊತ್ತು.

ಕಾಗದದ ಮೇಲಿನ ಬಿಳಿ ಪುಡಿ ಮೈದಾ. ಕೆಲಸದ ಮೇಜಿನಲ್ಲೇ ಬರೆಯುತ್ತಿದ್ದೇನೆ.

ನಿಮ್ಮ ಅಳಿಯ

ಆಗಸ್ಟ್ 2

ಅತ್ತೆಯವರಿಗೆ ನಮಸ್ಕಾರ.

ಮೆಣಸಿನ ಎಡಗಣ್ಣಿಗೆ ತೊಂದರೆಯಾಗಿದೆ. ಮೊದಲು ಗಮನಿಸಿದ್ದು ಅವಳ ಟೀಚರು. ಹಲಗೆ ಓದುವಾಗ ಕತ್ತು ತಿರುಗಿಸುತ್ತಾಳೆ ಎಂದು ನನ್ನನ್ನು ಕರೆಸಿದರು. ನಾನು ಅದು ಅವಳ ಕುಚೇಷ್ಟೆ ಎಂದುಕೊಂಡಿದ್ದೆ. ಮನೆಯಲ್ಲಿ ಬಲಗಣ್ಣು ಮುಚ್ಚಿ ನನ್ನ ಮುಖ ನೋಡು ಎಂದರೆ, "ನಿನ್ನ ಮೂಗೇ ಇಲ್ಲ ಅಪ್ಪ" ಎಂದು ನಕ್ಕಳು. ನಾನೂ ನಗಲು ನೋಡಿದೆ.

ಕಣ್ಣಾಸ್ಪತ್ರೆಗೆ ಹೋಗಿದ್ದೆವು. ಒಳಗೆ ಊತವಿದೆಯಂತೆ. ಮಾತ್ರೆ, ಹನಿ ನಡೆಯುತ್ತಿದೆ. ಇನ್ನೂ ಪರೀಕ್ಷೆಗಳಿವೆ. ನೀವು ಈಗಲೇ ಹೊರಟು ಬರಬೇಡಿ. ಅಗತ್ಯವಿದ್ದರೆ ನಾನೇ ಬರೆಯುತ್ತೇನೆ.

ಸದ್ಯಕ್ಕೆ ತರಕಾರಿ ಕಳಿಸುವುದು ಬೇಡ. ಇಲ್ಲೇ ಸಿಗುತ್ತದೆ.

ನಿಮ್ಮ ಅಳಿಯ

ಆಗಸ್ಟ್ 14

ಅಳಿಯಂದಿರಿಗೆ.

ನಿಮ್ಮ ಕಾಗದ ಬಂತು. ಅಂದೇ ಬಸ್ಸು ಹತ್ತಬೇಕೆಂದು ಬಟ್ಟೆ ಮಡಿಸಿಟ್ಟೆ. ಬರಬೇಡಿ ಎಂದು ಬರೆದಿದ್ದೀರಿ, ಅದಕ್ಕೆ ಮತ್ತೆ ತೆಗೆದಿಟ್ಟೆ. ನಿಮ್ಮ ಮಾತು ಮೀರಿ ಬಂದರೆ ಮಗುವಿನ ಎದುರು ನಿಮಗೆ ಮುಜುಗರವಾದೀತು.

ತರಕಾರಿ ಬೇಡ ಎಂದದ್ದು ಯಾಕೆಂದು ತಿಳಿಯಲಿಲ್ಲ. ನಿಮ್ಮ ಕಾಗದ ಕೈಸೇರುವ ಮೊದಲೇ ಒಂದು ಚೀಲ ಹೊರಟಿತ್ತು. ನೀವು ಅದನ್ನು ಬಿಚ್ಚದೆ ತಮಗೇ ವಾಪಸು ಕೊಟ್ಟಿರೆಂದು ವ್ಯಾನಿನವರು ಹೇಳಿದರು. ಅವರಿಗೆ ಹೇಳಲು ಇಷ್ಟವಿರಲಿಲ್ಲ, ನಾನೇ ಕೆದಕಿ ಕೇಳಿದೆ. ಮಗಳು ತೀರಿಕೊಂಡ ವರ್ಷ, ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಾಗದಿದ್ದ ಆ ವರ್ಷವೂ ನೀವು ನನ್ನ ಚೀಲ ಬೇಡವೆಂದವರಲ್ಲ.

ಏನೋ ಇದೆ. ನನ್ನಿಂದ ಏನಾಗಿದೆ, ನೇರವಾಗಿ ಬರೆಯಿರಿ. ಕಿವಿ ಮಂದವಾಗಿದೆ, ಓದಲು ಬರುತ್ತದೆ.

ಅವಳ ಅಜ್ಜಿ

ಆಗಸ್ಟ್ 22

ಅತ್ತೆಯವರಿಗೆ ನಮಸ್ಕಾರ.

ಕೇಳಿದ್ದೀರಿ, ಬರೆಯುತ್ತಿದ್ದೇನೆ.

ಕಣ್ಣಾಸ್ಪತ್ರೆಯ ಡಾಕ್ಟರಮ್ಮ ಹೇಳಿದ್ದು ಇಷ್ಟು. ನಾಯಿಯ ಕರುಳಿನಲ್ಲಿ ಒಂದು ಜಾತಿಯ ಹುಳು ಇರುತ್ತದಂತೆ. ಮರಿಗಳಲ್ಲಿ ಹೆಚ್ಚು, ಹುಟ್ಟುವ ಮೊದಲೇ ತಾಯಿಯಿಂದ ಬರುತ್ತದಂತೆ. ಮರಿಗಳ ಹೇಲಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಮೊಟ್ಟೆಗಳು ಮಣ್ಣು ಸೇರುತ್ತವೆ. ಕೆಲವು ವಾರ ಮಣ್ಣಿನಲ್ಲೇ ಬಲಿತು, ಕೈಯಿಂದಲೋ ತೊಳೆಯದ ತರಕಾರಿಯಿಂದಲೋ ಮಗುವಿನ ಹೊಟ್ಟೆಗೆ ಹೋಗುತ್ತವೆ. ಅಲ್ಲಿ ಮೊಟ್ಟೆಯೊಡೆದು ಬಂದ ಮರಿಹುಳು, ಇದು ನಾಯಿಯ ಮೈಯಲ್ಲ ಎಂದು ತಿಳಿಯದೆ ದಾರಿ ಹುಡುಕುತ್ತಾ ಮೈಯೆಲ್ಲ ಅಲೆಯುತ್ತದೆ. ಹೆಚ್ಚಿನ ಮಕ್ಕಳಿಗೆ ಏನೂ ಆಗುವುದಿಲ್ಲವಂತೆ. ನಮ್ಮ ಮೆಣಸಿನ ಮೈಯಲ್ಲಿ ಅದು ಎಡಗಣ್ಣಿನ ಹಿಂಭಾಗಕ್ಕೆ ಹೋಗಿ ಕೂತಿದೆ.

ಮನೆಯಲ್ಲಿ ನಾಯಿ ಇದೆಯೇ ಎಂದು ಕೇಳಿದರು. ಇಲ್ಲ ಎಂದೆ. ಮೆಣಸು ಕುರ್ಚಿಯಲ್ಲಿ ಕಾಲಾಡಿಸುತ್ತಾ, "ನಮ್ಮ ಅಜ್ಜಿ ಹತ್ರ ಮರಿಗಳಿವೆ, ಗೊಬ್ಬರದೊಳಗೆ ಮಲಗ್ತವೆ" ಎಂದು ಖುಷಿಯಿಂದ ಹೇಳಿದಳು. ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

ಊತ ಇಳಿಯುತ್ತದೆ ಎನ್ನುತ್ತಾರೆ. ಆದರೆ ನಡುವೆ ಕಲೆ ಕಟ್ಟಿದೆ. ಆ ಕಣ್ಣಿನಲ್ಲಿ ಹೋದ ನೋಟ ಮರಳಿ ಬರುವ ಭರವಸೆ ಕೊಡಲಾರೆ, ಉಳಿದದ್ದನ್ನು ಉಳಿಸಲು ನೋಡುತ್ತೇನೆ ಎಂದರು.

ನೀವು ಮೇ ತಿಂಗಳಲ್ಲಿ ಬರೆದ ಕಾಗದವನ್ನು ಮತ್ತೆ ತೆಗೆದು ಓದಿದೆ. ಲಂಗಕ್ಕೆ ಒರೆಸಿ ತಿಂದಳು, ನಾನು ನೋಡುತ್ತಿದ್ದೆ ಎಂದು ಬರೆದಿದ್ದೀರಿ. ಮೊದಲ ಸಲ ಓದಿದಾಗ ನಾನು ನಕ್ಕಿದ್ದೆ. ಈಗ ಕಾಗದ ಹರಿದು ಹಾಕುವಷ್ಟು ಸಿಟ್ಟು ಬಂತು. ಬೇಕೆಂದು ಮಾಡಿದವರು ಯಾರೂ ಇಲ್ಲ, ಅದು ಗೊತ್ತು. ಗೊತ್ತಿದ್ದೂ ಸಿಟ್ಟು ಇಳಿಯುತ್ತಿಲ್ಲ. ನೀವು ಈಗ ಬಂದರೆ ನಿಮ್ಮ ಎದುರು ಹೇಗೆ ಕೂರಲಿ ಎಂದು ತಿಳಿಯದು. ಸ್ವಲ್ಪ ಕಾಲ ಬಿಡಿ.

ನಿಮ್ಮ ಅಳಿಯ

ಸೆಪ್ಟೆಂಬರ್ 30

ಅಳಿಯಂದಿರಿಗೆ.

ತಡವಾಯಿತು. ಬರೆಯಲು ಕೂತಾಗಲೆಲ್ಲ ಕೈ ಏಳಲಿಲ್ಲ. ಕ್ಷಮಿಸಿ ಎಂದು ಒಂದು ಸಾಲು ಬರೆದು ನೋಡಿದೆ, ಆ ಮಾತು ಮಗುವಿನ ಕಣ್ಣಿನ ಮುಂದೆ ಎಷ್ಟು ಚಿಕ್ಕದು ಎನಿಸಿ ಹರಿದುಹಾಕಿದೆ. ಏನು ಮಾಡಿದೆನೋ ಅದನ್ನೇ ಬರೆಯುತ್ತೇನೆ.

ನಿಮ್ಮ ಕಾಗದವನ್ನು ಹಸುಗಳನ್ನು ನೋಡಲು ಬರುವ ಡಾಕ್ಟರಿಗೆ ತೋರಿಸಿದೆ. ಅವರು ಆರೋಗ್ಯ ಇಲಾಖೆಗೆ ತಿಳಿಸಿದರು. ಅಲ್ಲಿಂದ ಮಣ್ಣು ಪರೀಕ್ಷೆ ಮಾಡುವ ಒಬ್ಬ ಹುಡುಗಿ ಬಂದಳು. ಗುಡ್ಡೆಯಿಂದ, ನನ್ನ ಪಾತಿಗಳಿಂದ, ಕಾಲುವೆಯ ಅಂಚಿನಿಂದ ಮಣ್ಣು ತೆಗೆದು ಡಬ್ಬಿಗಳಲ್ಲಿ ತುಂಬಿದಳು. ಸೊಪ್ಪನ್ನು ನೀರಿನಲ್ಲಿ ಜಾಲಿಸಿ ಆ ನೀರನ್ನೂ ತೆಗೆದುಕೊಂಡು ಹೋದಳು. ಉತ್ತರ ಬಂದಾಗ ನಾನೇ ಅವಳ ಕಚೇರಿಗೆ ಹೋದೆ. ಬಾಯಲ್ಲಿ ಹೇಳಿದರೆ ಸಾಲದು, ನನಗೆ ತೋರಿಸು ಎಂದೆ. ಸೂಕ್ಷ್ಮದರ್ಶಕದ ಮುಂದೆ ಸ್ಟೂಲು ಎಳೆದು ಕೂರಿಸಿದಳು.

ಕಂದು ಬಣ್ಣ, ದುಂಡಗೆ, ಕಿತ್ತಳೆ ಸಿಪ್ಪೆಯ ಹಾಗೆ ಮೈಯೆಲ್ಲ ಗುಳಿಗುಳಿ. ನೋಡಲು ಚೆಂದವಾಗಿಯೇ ಇತ್ತು, ಅದೇ ಹೊಟ್ಟೆ ಉರಿಸಿತು. ಗುಡ್ಡೆಯ ಮಣ್ಣಿನಲ್ಲಿತ್ತು, ಕ್ಯಾರೆಟ್ ಪಾತಿಯಲ್ಲಿತ್ತು, ಕೊತ್ತಂಬರಿ ಜಾಲಿಸಿದ ನೀರಿನಲ್ಲೂ ಇತ್ತು. ಗೊಬ್ಬರ ಸರಿಯಾಗಿ ಕಳಿತು ಒಳಗೆ ಕಾವೇರಿದ್ದರೆ ಇವು ಸಾಯುತ್ತಿದ್ದವಂತೆ. ನಾವು ಅವಸರಕ್ಕೆ ಹಸಿಹಸಿಯಾಗಿಯೇ ಎಳೆದು ಪಾತಿಗೆ ಸುರಿಯುತ್ತೇವೆ. ಮಣ್ಣಿನಲ್ಲಿ ಇವು ವರ್ಷಗಟ್ಟಲೆ ಬದುಕುತ್ತವೆ ಎಂದಳು. ಹಾಗಾದರೆ ನನಗಿಂತ ಇವುಗಳ ಆಯಸ್ಸೇ ಗಟ್ಟಿ ಎಂದೆ. ಆ ಹುಡುಗಿ ನಗಬೇಕೋ ಬೇಡವೋ ಎಂದು ನನ್ನ ಮುಖ ನೋಡಿದಳು.

ಆಮೇಲೆ ಮಾರುಕಟ್ಟೆಗೆ ಹೋದೆ. ನನ್ನ ಮಾಮೂಲಿ ಜಾಗದಲ್ಲಿ ಖಾಲಿ ಚೀಲ ಹಾಸಿ ಕೂತೆ. ನನ್ನ ಹತ್ತಿರ ಸೊಪ್ಪು ಕೊಳ್ಳುವವರಲ್ಲಿ ಸಣ್ಣ ಮಕ್ಕಳಿರುವವರು ಯಾರೆಂದು ನನಗೆ ಗೊತ್ತು. ಒಬ್ಬೊಬ್ಬರನ್ನೇ ಕರೆದು ಹೇಳಿದೆ: ನನ್ನ ಮಣ್ಣಿನಲ್ಲಿ ಹುಳುವಿನ ಮೊಟ್ಟೆ ಸಿಕ್ಕಿದೆ, ನನ್ನ ಮೊಮ್ಮಗಳ ಕಣ್ಣು ಹೋಗಿದೆ. ನನ್ನಿಂದ ಕೊಂಡದ್ದೇನಾದರೂ ಮನೆಯಲ್ಲಿದ್ದರೆ ಹಸಿಯಾಗಿ ತಿನ್ನಬೇಡಿ, ಮಗು ಕತ್ತು ಓರೆ ಮಾಡಿ ನೋಡಿದರೆ ಆಸ್ಪತ್ರೆಗೆ ತೋರಿಸಿ. ಒಬ್ಬಾಕೆ ನನ್ನ ಕೈ ಹಿಡಿದುಕೊಂಡಳು. ಇನ್ನೊಬ್ಬಾಕೆ ಇಷ್ಟು ದಿನ ನಮಗೆ ಇದನ್ನೇ ತಿನ್ನಿಸಿದೆಯಾ ಎಂದು ಮುಖ ಸಿಂಡರಿಸಿ ಹೋದಳು. ಇಬ್ಬರೂ ಸರಿಯೇ.

ಮೂಲಂಗಿ ಯಜಮಾನರು ಮಾತ್ರ ಕೆಂಡವಾದರು. ಅವರ ಮೂಲಂಗಿಗೂ ಅದೇ ಗುಡ್ಡೆಯ ಗೊಬ್ಬರ. "ನಿನ್ನ ಮನೆ ಸಂಕಟಾನ ಊರಿನ ತಲೆಗೆ ಯಾಕೆ ಕಟ್ತೀಯಮ್ಮ?" ಎಂದು ಎಲ್ಲರೆದುರು ಕೇಳಿದರು. ಆವತ್ತು ಅವರ ಮೂಲಂಗಿಯನ್ನೂ ಯಾರೂ ಮುಟ್ಟಲಿಲ್ಲ.

ಮಗು ಹೇಗಿದ್ದಾಳೆ? ಇಷ್ಟು ತಿಳಿಸಿದರೆ ಸಾಕು.

ಅವಳ ಅಜ್ಜಿ

ಅಕ್ಟೋಬರ್ 12

ಅತ್ತೆಯವರಿಗೆ ನಮಸ್ಕಾರ.

ಊತ ಇಳಿದಿದೆ. ನೋವಿಲ್ಲ. ಬಾಗಿಲ ಎಡಗಡೆಯ ಚೌಕಟ್ಟಿಗೆ ಆಗಾಗ ಭುಜ ಬಡಿಸಿಕೊಂಡು, ಬಾಗಿಲಿಗೇ ಬೈದು ಮುಂದೆ ಹೋಗುತ್ತಾಳೆ. ಲೋಟಕ್ಕೆ ನೀರು ಬಗ್ಗಿಸುವಾಗ ಹೊರಗೆ ಚೆಲ್ಲುತ್ತಾಳೆ. ಲೋಟದ ಅಂಚಿಗೆ ಬೆರಳಿಟ್ಟು ಬಗ್ಗಿಸಲು ಹೇಳಿಕೊಟ್ಟೆ, ಬೇಗ ಕಲಿತಳು. ತಾನೇ ಕಂಡುಹಿಡಿದದ್ದೆಂಬಂತೆ ಈಗ ನನಗೇ ಹೇಳಿಕೊಡುತ್ತಾಳೆ.

ಮಾರುಕಟ್ಟೆಯ ವಿಷಯ ಓದಿದೆ. ಒಬ್ಬರೇ ಹೋಗಿ ಕೂತಿರಲ್ಲ.

ಅಜ್ಜಿ ಹತ್ತಿರ ಯಾವಾಗ ಹೋಗುವುದು ಎಂದು ಕೇಳಿದಳು. ನಾನು ಮಾತು ಬದಲಿಸಿದೆ.

ನಿಮ್ಮ ಅಳಿಯ

ನವೆಂಬರ್ 25

ಅಳಿಯಂದಿರಿಗೆ ಆಶೀರ್ವಾದ.

ಬಾಗಿಲಿಗೆ ಬೈಯುತ್ತಾಳೆ ಎಂದು ಓದಿ ಎಷ್ಟೋ ದಿನಕ್ಕೆ ನಕ್ಕೆ. ನಗುತ್ತಲೇ ಅತ್ತುಬಿಟ್ಟೆ, ಅದು ಇರಲಿ.

ಇಲ್ಲಿ ಪಾತಿಯವರೆಲ್ಲ ಸೇರಿ ಸಭೆ ಮಾಡಿದರು. ನಾಯಿಗಳಿಗೆ ವಿಷ ಹಾಕಿಬಿಡುವುದೆಂದು ಮಾತಾಯಿತು. ಮಗುವಿನ ಕಣ್ಣು ತೆಗೆದ ನಾಯಿ ಎಂದು ನನ್ನ ಕಡೆ ನೋಡಿಯೇ ಹೇಳಿದರು, ನಾನು ಹೂಂ ಅನ್ನುತ್ತೇನೆಂದು. ನಿಜ ಹೇಳಲೇ, ಒಂದು ಕ್ಷಣ ನನ್ನ ಮನಸ್ಸೂ ಆ ಕಡೆ ವಾಲಿತು. ಆಮೇಲೆ ಎದ್ದು ನಿಂತು ಹೇಳಿದೆ: "ನಾಯಿ ಬೆಚ್ಚಗಿರೋ ಜಾಗ ಹುಡುಕ್ತು, ಅಷ್ಟೇ. ಗುಡ್ಡೆಗೆ ಬೇಲಿ ಹಾಕದವರು ನಾವು. ಹಸಿ ಗೊಬ್ಬರ ಸೊಪ್ಪಿಗೆ ಸುರಿದವರೂ ನಾವೇ. ವಿಷ ಹಾಕಿದ್ರೆ ನಾಯಿ ಸಾಯುತ್ತೆ, ಮಣ್ಣಲ್ಲಿರೋದು ಸಾಯುತ್ತಾ?"

ಮಾರನೆಯ ದಿನ ಹಸುವಿನ ಡಾಕ್ಟರನ್ನು ಕರೆತಂದೆ. ತಾಯಿಗೂ ಮರಿಗಳಿಗೂ ಹುಳುವಿನ ಔಷಧ ಕೊಟ್ಟರು, ತಾಯಿಗೆ ಮತ್ತೆ ಮರಿಯಾಗದಂತೆ ಆಪರೇಷನ್ ಮಾಡಿದರು. ಗುಡ್ಡೆಗೆ ತಂತಿ ಬೇಲಿ ಬಂತು. ಕಂಬ ನೆಡಲು ಗುಂಡಿ ತೋಡುವಾಗ ಯಾರೋ ಬಂದು ನನ್ನ ಕೈಯಿಂದ ಹಾರೆ ಕಿತ್ತುಕೊಂಡರು. ನೋಡಿದರೆ ಮೂಲಂಗಿ ಯಜಮಾನರು. ನನ್ನೊಂದಿಗೆ ಮಾತಿಲ್ಲ ಕಥೆಯಿಲ್ಲ, ಮುಖ ಊದಿಸಿಕೊಂಡೇ ಅಷ್ಟೂ ಕಂಬ ನೆಟ್ಟರು. ತಮ್ಮ ಮೊಮ್ಮಕ್ಕಳನ್ನು ಕಣ್ಣಾಸ್ಪತ್ರೆಗೆ ಕರೆದೊಯ್ದು ತೋರಿಸಿಕೊಂಡು ಬಂದರಂತೆ, ಅವರ ಸೊಸೆ ಹೇಳಿದಳು. ದೇವರ ದಯೆ, ಎಲ್ಲರ ಕಣ್ಣೂ ನೆಟ್ಟಗಿವೆ.

ಈಗ ಗೊಬ್ಬರವನ್ನು ಮುಚ್ಚಿ, ಮಗುಚಿ, ಒಳಗೆ ಕೈಯಿಡಲಾಗದಷ್ಟು ಕಾವೇರಿಸಿ, ಪೂರ್ತಿ ಕಳಿತ ಮೇಲೇ ತೆಗೆಯುವುದು. ನನ್ನ ಕ್ಯಾರೆಟ್, ಕೊತ್ತಂಬರಿ ಎಲ್ಲ ಕಿತ್ತು ಹಾಕಿದೆ. ಅಲ್ಲಿ ಚಪ್ಪರ ಕಟ್ಟಿ ಹೀರೆ, ಸೋರೆ, ಬೀನ್ಸ್ ಹಬ್ಬಿಸಿದ್ದೇನೆ. ಮಣ್ಣು ಮುಟ್ಟದೆ ಮೇಲೆ ಕಾಯುವಂಥವು, ಬೇಯಿಸಿಯೇ ತಿನ್ನುವಂಥವು.

ನಿಮ್ಮ ಸಿಟ್ಟು ಇಳಿಯಿತೇ ಎಂದು ಕೇಳುವುದಿಲ್ಲ. ಅದು ಇಳಿಯುವಾಗ ಇಳಿಯಲಿ.

ಅವಳ ಅಜ್ಜಿ

ಜನವರಿ 19

ಅತ್ತೆಯವರಿಗೆ ನಮಸ್ಕಾರ.

ಒಂದು ವಿಷಯ ತಕ್ಷಣ ತಿಳಿಸಬೇಕೆನಿಸಿತು. ಆಸ್ಪತ್ರೆಯಿಂದ ಬಂದು ಅಂಗಿಯೂ ಬದಲಿಸದೆ ಬರೆಯುತ್ತಿದ್ದೇನೆ.

ಇವತ್ತು ಡಾಕ್ಟರಮ್ಮನಿಗೆ ನೀವು ಮಾಡಿದ್ದನ್ನೆಲ್ಲ ಹೇಳಿದೆ. ಬೇಲಿ, ಔಷಧ, ಚಪ್ಪರ. ಅವರು ಬಹಳ ಮೆಚ್ಚಿಕೊಂಡರು. ಆಮೇಲೆ ಕೇಳಿದರು, ನಿಮ್ಮ ಕಡೆ ಮಗು ಎಲ್ಲಿ ಆಡುತ್ತದೆ ಎಂದು. ಬೇಕರಿ ಹಿಂದಿನ ಉದ್ಯಾನ, ಅಲ್ಲಿನ ಮರಳಿನಲ್ಲಿ ಎಂದೆ. ನಾಯಿಗಳು ಬರುತ್ತವೆಯೇ ಎಂದರು. ಬರುತ್ತವೆ. ಬರುವುದು ನನ್ನಿಂದಲೇ. ಉಳಿದ ಬ್ರೆಡ್ಡನ್ನು ಹಿಂಬಾಗಿಲಲ್ಲಿ ಅವುಗಳಿಗೆ ಹಾಕುವವನು ನಾನು. ತಿಂದು ಆ ಮರಳಿನ ಮೇಲೇ ಬಿದ್ದುಕೊಂಡಿರುತ್ತವೆ.

"ಹಾಗಾದ್ರೆ ಎಲ್ಲಿಂದ ಬಂತು ಅಂತ ಹೇಳೋಕೆ ಯಾರಿಂದಲೂ ಆಗಲ್ಲ" ಎಂದರು. "ಅಲ್ಲಿಂದಲೂ ಬಂದಿರಬಹುದು, ಇಲ್ಲಿಂದಲೂ ಬಂದಿರಬಹುದು."

ಅಷ್ಟು ತಿಂಗಳು ನಾನು ನಿಮ್ಮ ತೋಟವನ್ನೇ ಕಣ್ಣ ಮುಂದೆ ಇಟ್ಟುಕೊಂಡು ಕುದಿದೆ. ನನ್ನ ಕಿಟಕಿಯಿಂದ ಕಾಣುವ ಮರಳು ಒಮ್ಮೆಯೂ ಕಾಣಲಿಲ್ಲ. ಅತ್ತೆ, ಇದು ನಿಮ್ಮಿಂದ ಆದದ್ದಲ್ಲ ಎಂದುಕೊಳ್ಳಿ. ದಯವಿಟ್ಟು ಹಾಗೆಯೇ ಅಂದುಕೊಳ್ಳಿ.

ನಿಮ್ಮ ಅಳಿಯ

ಫೆಬ್ರುವರಿ 3

ಅಳಿಯಂದಿರಿಗೆ ಆಶೀರ್ವಾದ.

ನಿಮ್ಮ ಕಾಗದ ಓದಿ ಒಂದು ಗಳಿಗೆ ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು. ಎದ್ದು ಮುಖ ತೊಳೆದು ಒಲೆ ಹಚ್ಚಿದೆ. ಆಮೇಲೆ ಯೋಚನೆ ಬಂತು, ನನ್ನ ಎದೆಯಿಂದ ಇಳಿದ ಕಲ್ಲು ಎಲ್ಲಿ ಹೋಯಿತು? ನಿಮ್ಮ ಎದೆಗೆ ಹೋಯಿತು. ನನಗೆ ಅದು ಬೇಡ.

ನಮ್ಮ ಗುಡ್ಡೆಯಲ್ಲಿದ್ದ ಮೊಟ್ಟೆಗಳನ್ನು ನಾನು ಕಣ್ಣಾರೆ ಕಂಡವಳು. ಮೆಣಸಿನ ಕಣ್ಣಿಗೆ ಹೋದದ್ದು ಅಲ್ಲಿಯದೋ ಅಲ್ಲವೋ ಎನ್ನುವುದು ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗದಿದ್ದರೂ ಆ ಬೇಲಿ ಹಾಕಲೇಬೇಕಿತ್ತು, ಮಾರುಕಟ್ಟೆಯಲ್ಲಿ ಆ ಮಾತು ಹೇಳಲೇಬೇಕಿತ್ತು. ನೀವೂ ರಾತ್ರಿಹಗಲು ಕೊರಗುವ ಬದಲು ಆ ಮರಳಿಗೆ ಏನಾದರೂ ಮಾಡಿ. ನಾಯಿಗೆ ಹಾಕುವುದಾದರೆ ಬ್ರೆಡ್ಡಿನ ಜೊತೆ ಔಷಧವನ್ನೂ ಹಾಕಿ. ನಮ್ಮ ಡಾಕ್ಟರಿಂದ ಮಾತ್ರೆಯ ಹೆಸರು ಬರೆಸಿ ಇದರ ಜೊತೆ ಇಟ್ಟಿದ್ದೇನೆ.

ನೀವು ಒಂಟಿಯಾಗಿ ಮಗುವನ್ನು ಹೇಗೆ ಸಾಕಿದಿರಿ ಎಂಬುದನ್ನು ನಾನು ನೋಡಿದ್ದೇನೆ. ಜಡೆ ಹೆಣೆಯಲು ಬಾರದೆ ಬೇಕರಿಯ ಹಿಟ್ಟಿನ ಎಳೆಗಳಲ್ಲಿ ಹೆಣೆದು ಕಲಿತಿರಿ ಎಂದು ಅವಳೇ ಹೇಳಿದ್ದಳು. ನನ್ನ ಮಗಳು ಇದ್ದಿದ್ದರೆ ನಿಮ್ಮನ್ನು ಬೈಯುತ್ತಿರಲಿಲ್ಲ. ನನ್ನನ್ನು ಬೈಯುತ್ತಿದ್ದಳು, ಆಮೇಲೆ ಪಕ್ಕದಲ್ಲಿ ಬಂದು ಕೂರುತ್ತಿದ್ದಳು.

ರಜೆಗೆ ಮಗುವನ್ನು ಕಳಿಸಿ ಎಂದು ಕೇಳುತ್ತಿಲ್ಲ. ಅದು ನಿಮ್ಮ ಮನಸ್ಸಿಗೆ ಬರಬೇಕಾದದ್ದು.

ನಿಮ್ಮ ಅತ್ತೆ

ಮಾರ್ಚ್ 28

ಅತ್ತೆಯವರಿಗೆ ನಮಸ್ಕಾರ.

ಉದ್ಯಾನದ ಮರಳನ್ನು ಪೂರ್ತಿ ಎತ್ತಿಸಿ, ಹೊಸದು ಹಾಕಿಸಿ, ಸುತ್ತ ಗೇಟು ಹಾಕಿಸಿದೆವು. ನಗರಸಭೆಗೆ ತಿರುಗಿ ತಿರುಗಿ ಚಪ್ಪಲಿ ಸವೆಯಿತು. ಮೆಣಸಿನ ಟೀಚರು ಜೊತೆಗೆ ನಿಂತರು. ನಾಯಿಗಳು ಈಗ ಬೇಕರಿಯ ಮುಂದೆಯೇ ಮಲಗುತ್ತವೆ, ಔಷಧವಿಟ್ಟ ಬ್ರೆಡ್ಡನ್ನು ಮೂಸಿ ನೋಡಿ ನನ್ನನ್ನೇ ಅನುಮಾನದಿಂದ ನೋಡುತ್ತವೆ.

ಮೆಣಸನ್ನು ನಿಮ್ಮ ಹತ್ತಿರ ಕಳಿಸಬಹುದೇ ಎಂದು ಡಾಕ್ಟರಮ್ಮನನ್ನು ಕೇಳಿದೆ. ಹೋಗಬಹುದು, ಕೈ ತೊಳೆದು ತಿನ್ನಲಿ, ಮಣ್ಣಿಗೆ ಹೆದರಿಸಿ ಬೆಳೆಸಬೇಡಿ ಎಂದರು. ಆದರೂ ಎಷ್ಟೋ ದಿನ ನಾನು ಹೂಂ ಅನ್ನಲಾರದೆ ಹೋದೆ. ಅವಳ ಬಟ್ಟೆ ಮಡಿಸುವುದು, ಮತ್ತೆ ಬಿಚ್ಚಿಡುವುದು. ನೀವೂ ಹೀಗೆ ಬಟ್ಟೆ ಮಡಿಸಿ ಬಿಚ್ಚಿಟ್ಟಿರಲ್ಲವೇ, ನನ್ನ ಒಂದು ಮಾತಿಗೆ.

ಬರುವ ಶನಿವಾರ ಕರೆತರುತ್ತೇನೆ. ನನಗೆ ಒಂದೇ ದಿನದ ರಜೆ, ಮಧ್ಯಾಹ್ನದ ಬಸ್ಸಿಗೆ ಹಿಂತಿರುಗುತ್ತೇನೆ. ರಜೆ ಮುಗಿಯುವವರೆಗೆ ಅವಳು ನಿಮ್ಮ ಹತ್ತಿರ ಇರಲಿ.

ನಿಮ್ಮ ಅಳಿಯ

ಏಪ್ರಿಲ್ 6

ಅಳಿಯಂದಿರಿಗೆ ಆಶೀರ್ವಾದ.

ಸುಖವಾಗಿ ತಲುಪಿದಿರೆಂದು ನಂಬಿದ್ದೇನೆ. ನಿಮ್ಮ ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಇವಳು ಕೈ ಬೀಸಿದಳು. ಅಳುತ್ತಾಳೇನೋ ಎಂದು ನೋಡಿದೆ. ಮೂಗು ಕೆಂಪಾಗಿತ್ತು, ಅಳಲಿಲ್ಲ. ನೀವು ಕಿಟಕಿಯಲ್ಲಿ ಮುಖ ಆ ಕಡೆ ತಿರುಗಿಸಿದ್ದನ್ನು ನಾನು ನೋಡಿದೆ, ಅವಳು ನೋಡಲಿಲ್ಲ.

ಆಮೇಲೆ ಇಬ್ಬರೂ ನಡೆದು ಮನೆಗೆ ಹೊರಟೆವು. ಮಾರುಕಟ್ಟೆಯ ರಸ್ತೆ, ಸೈಕಲ್ಲು, ಕೈಗಾಡಿ, ಜನ. ನಾನು ಅಭ್ಯಾಸದಂತೆ ಅವಳ ಎಡಗಡೆ ಕೈ ಚಾಚಿದೆ. ಅವಳು ಹಿಡಿಯಲೇ ಇಲ್ಲ. ನನ್ನ ಮೇಲೆ ಮುನಿಸೇನೋ ಎಂದುಕೊಂಡೆ. ಒಂದೆರಡು ಹೆಜ್ಜೆಯ ಮೇಲೆ ಹೊಳೆಯಿತು, ಆ ಕೈ ಅವಳಿಗೆ ಕಂಡೇ ಇಲ್ಲ. ಕಾಗದದಲ್ಲಿ ಎಷ್ಟೋ ಸಲ ಓದಿದ್ದೆ, ಗೊತ್ತಾದದ್ದು ಆವಾಗ. ಏನೂ ಆಗದವಳ ಹಾಗೆ ಹಿಂದಿನಿಂದ ಸುತ್ತಿ ಅವಳ ಬಲಗಡೆಗೆ ಬಂದೆ, ನಾನಾದರೂ ಅವಳಿಗೆ ಕಾಣಲಿ ಎಂದು.

ಅವಳು ನಿಂತುಬಿಟ್ಟಳು. ನನ್ನ ಸೀರೆ ಹಿಡಿದು ಎಳೆದು ಮತ್ತೆ ಎಡಗಡೆಗೆ ತಂದು ನಿಲ್ಲಿಸಿದಳು.

"ಆ ಕಡೆ ನಾನೇ ನೋಡ್ಕೋತೀನಿ ಅಜ್ಜಿ" ಎಂದಳು. "ನೀನು ಈ ಕಡೆ ಇರು."

ಕೈ ಹುಡುಕಿ ಹಿಡಿದುಕೊಂಡಳು. ಮನೆ ಬರುವವರೆಗೆ ಬಿಡಲಿಲ್ಲ.

ಈಗ ಒಳಗೆ ಮಲಗಿದ್ದಾಳೆ. ನೀವು ನಿಶ್ಚಿಂತೆಯಿಂದ ಕೆಲಸ ನೋಡಿಕೊಳ್ಳಿ.

ನಿಮ್ಮ ಅತ್ತೆ